ಹಿಮಕುಸಿತದ ಇಳಿಜಾರಿನಲ್ಲಿ ‘ಬೇಡ’ ಎನ್ನುವವರು ಯಾರು? ಸ್ಕೀ ತಂಡಗಳಲ್ಲಿ ಸ್ಥಾನಮಾನ ಮತ್ತು ಅಪಾಯ

ಡೆನ್ವರ್ ನಿವಾಸಿ

ಎಲ್ಲರಿಗೂ ನಮಸ್ಕಾರ. ರೆಸಾರ್ಟಿನ ಗಡಿ ದಾಟಿ, ಸ್ಕೀಗಳ ಅಡಿಗೆ ಸ್ಕಿನ್ (ಹತ್ತುವಾಗ ಹಿಂದಕ್ಕೆ ಜಾರದಂತೆ ತಡೆಯುವ ಪಟ್ಟಿ) ಅಂಟಿಸಿಕೊಂಡು, ತಾವೇ ಬೆಟ್ಟ ಹತ್ತಿ ಇಳಿಯುವ ಬ್ಯಾಕ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ತೊಡಗಿರುವ ಕನ್ನಡಿಗರು ಇಲ್ಲಿ ಕೆಲವರಾದರೂ ಇರಬಹುದೆಂದು ನಂಬಿ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ರೆಸಾರ್ಟಿನ ಒಳಗೆ ಗಸ್ತು ಸಿಬ್ಬಂದಿ ಬೆಳಗಾಗುವ ಮೊದಲೇ ಸ್ಫೋಟಕ ಸಿಡಿಸಿ ಅಪಾಯಕಾರಿ ಹಿಮವನ್ನು ಕೆಡವಿರುತ್ತಾರೆ. ಗಡಿಯ ಆಚೆ ಅಂಥವರು ಯಾರೂ ಇಲ್ಲದಿರುವುದರಿಂದ, ಯಾವ ಇಳಿಜಾರು ಸುರಕ್ಷಿತ, ಯಾವುದು ಅಲ್ಲ ಎಂಬ ತೀರ್ಮಾನ ಸಂಪೂರ್ಣವಾಗಿ ತಂಡದ ಮೇಲೆ ಬೀಳುತ್ತದೆ.

ಕೊಲೊರಾಡೊದ ಹಿಮದ ಸ್ವಭಾವವೇ ಕೆಟ್ಟದ್ದು. ಚಳಿಗಾಲದ ಆರಂಭದಲ್ಲಿ ತೆಳುವಾಗಿ ಬಿದ್ದ ಹಿಮ ಕೊರೆಯುವ ಚಳಿಗೆ ಸಿಕ್ಕಿ, ಒಂದಕ್ಕೊಂದು ಅಂಟದ ಸಕ್ಕರೆ ಹರಳುಗಳಂತಾಗುತ್ತದೆ. ಮುಂದೆ ಬೀಳುವ ಹಿಮವೆಲ್ಲ ಈ ದುರ್ಬಲ ಪದರದ ಮೇಲೆ ಹೇರಿಕೊಂಡು ತಿಂಗಳುಗಟ್ಟಲೆ ನಿಂತಿರುತ್ತದೆ. ಇದನ್ನು ಇಲ್ಲಿನ ಪ್ರತಿ ಸ್ಕೀಯರ್ ಮೊದಲ ಕೋರ್ಸಿನಲ್ಲಿಯೇ ಕಲಿಯುತ್ತಾನೆ. ಹಾಗಿದ್ದರೂ 2013ರ ಏಪ್ರಿಲ್ 20ರಂದು ಲವ್‌ಲ್ಯಾಂಡ್ ಪಾಸ್ ಬಳಿಯ ಶೀಪ್ ಕ್ರೀಕ್‌ನಲ್ಲಿ ಆರು ಮಂದಿಯ ತಂಡವೊಂದು ಹಿಮಕುಸಿತಕ್ಕೆ ಸಿಲುಕಿ ಐವರು ಪ್ರಾಣ ಕಳೆದುಕೊಂಡರು. ಅವರು ಅಂದು ಸೇರಿದ್ದ ಕೂಟಕ್ಕೆ ಹಿಮಕುಸಿತದ ಬಗ್ಗೆ ಅರಿವು ಮೂಡಿಸುವುದೂ ಒಂದು ಉದ್ದೇಶವಾಗಿತ್ತು. ಮೇಲಿನ ಇಳಿಜಾರು ಅಪಾಯಕಾರಿ ಎಂಬುದು ತಂಡಕ್ಕೆ ತಿಳಿದಿತ್ತು. ಅದರ ಬುಡವನ್ನು ಪರಸ್ಪರ ಅಂತರ ಕಾಯ್ದುಕೊಂಡು ದಾಟಿ, ಸುರಕ್ಷಿತ ಜಾಗವನ್ನು ಸೇರುವ ಯೋಜನೆಯನ್ನೂ ಹಾಕಿಕೊಂಡಿದ್ದರು.

ಆದ್ದರಿಂದ ಅಜ್ಞಾನವೇ ಕಾರಣ ಎಂಬ ಉತ್ತರ ನನಗೆ ಸಾಲದು. ತಂಡದೊಳಗೆ ಯಾರ ಮಾತಿಗೆ ತೂಕ, ಯಾರ ಮಾತಿಗೆ ಇಲ್ಲ, ಯಾರು ಯಾರ ಮೆಚ್ಚುಗೆಗೆ ಕಾಯುತ್ತಿದ್ದಾರೆ ಎಂಬ ಸಂಗತಿಗಳು ನಿರ್ಧಾರವನ್ನು ಎಷ್ಟರಮಟ್ಟಿಗೆ ರೂಪಿಸುತ್ತವೆ? ಅನುಭವವುಳ್ಳವರು ದಯವಿಟ್ಟು ಬರೆಯಬೇಕು.

ದಾವೋಸ್ ವಾಸಿ

ಒಳ್ಳೆಯ ವಿಷಯ ಎತ್ತಿದ್ದೀರಿ. ಒಂದು ಮೂಲಭೂತ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಪರ್ವತ ತಾನಾಗಿ ಕುಸಿದು ಅಮಾಯಕರ ಮೇಲೆ ಬೀಳುತ್ತದೆ ಎಂಬ ಕಲ್ಪನೆ ನಮ್ಮವರಲ್ಲಿ ಸಾಮಾನ್ಯವಾಗಿದೆ. ಮನರಂಜನೆಗೆಂದು ಹೋಗಿ ಸಾಯುವವರ ಪ್ರಕರಣಗಳಲ್ಲಿ ಸುಮಾರು ಶೇ. 90ರಷ್ಟನ್ನು ಸತ್ತವರು ಅಥವಾ ಅವರದೇ ತಂಡದವರು ತಮ್ಮ ಭಾರದಿಂದಲೇ ಸಡಿಲಿಸಿರುತ್ತಾರೆ. ಹಲಗೆಯಾಗಿ ಒಡೆದು ಜಾರುವ ಇಂಥ ಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹುಟ್ಟುತ್ತವೆ. ಸ್ಕೀಯರುಗಳಿಗೆ ಅತ್ಯಂತ ಪ್ರಿಯವಾದ ಇಳಿಜಾರೂ ಅದೇ. ಎಲ್ಲಿ ಕಾಲಿಡಬೇಕು ಎಂದು ಮನುಷ್ಯರೇ ತೀರ್ಮಾನಿಸುವುದರಿಂದ, ಮನುಷ್ಯರ ನಡುವಿನ ತಾರತಮ್ಯವೂ ಆ ತೀರ್ಮಾನದೊಳಗೆ ಬಂದೇ ಬರುತ್ತದೆ.

ಇನ್ನೊಂದು ಸಂಗತಿ. ಯುರೋಪಿನಲ್ಲಿ 1993ರಿಂದ ಐದು ಹಂತಗಳ ಅಪಾಯ ಸೂಚಿಯಿದೆ. ಸಾವುಗಳಲ್ಲಿ ಅತಿ ಹೆಚ್ಚಿನ ಪಾಲು ಸಂಭವಿಸುವುದು ನಾಲ್ಕನೆಯ ಅಥವಾ ಐದನೆಯ ಹಂತದಲ್ಲಲ್ಲ, ಮೂರನೆಯ ಹಂತದಲ್ಲಿ. ನಾಲ್ಕೆಂದರೆ ಬಹುತೇಕ ಎಲ್ಲರೂ ಮನೆಯಲ್ಲೇ ಉಳಿಯುತ್ತಾರೆ, ಅಥವಾ ಸಪಾಟು ಜಾಗ ಹುಡುಕುತ್ತಾರೆ. ಅಲ್ಲಿ ವಾದಕ್ಕೆ ಆಸ್ಪದವಿಲ್ಲ. ಮೂರೆಂದರೆ ಹೋಗಲೂಬಹುದು, ಬಿಡಲೂಬಹುದು. ಅಳತೆಗೆ ಸಿಗದ ಕಡೆ ವ್ಯಕ್ತಿಯ ಪ್ರಭಾವ ಕೆಲಸ ಮಾಡುತ್ತದೆ ಎಂಬುದು ನನ್ನ ಅನಿಸಿಕೆ.

ತೀರ್ಥಹಳ್ಳಿ ಮೇಷ್ಟ್ರು

ನಾನು ಹಿಮವನ್ನು ಕಂಡಿರುವುದು ಮಗನ ಮನೆಯ ಕಿಟಕಿಯಿಂದ ಮಾತ್ರ. ಅವನು ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾನೆ, ಈ ಹುಚ್ಚು ಅವನಿಗೂ ಹಿಡಿದಿದೆ. ತಪ್ಪು ತಿಳಿಯಬೇಡಿ, ಇದರಲ್ಲಿ ಸಂಶೋಧನೆ ಮಾಡುವಂಥದ್ದು ಏನಿದೆ? ದುಡ್ಡಿರುವ ಹುಡುಗರು ಕ್ಯಾಮೆರಾ ತಲೆಗೆ ಕಟ್ಟಿಕೊಂಡು ಒಬ್ಬರಿಗಿಂತ ಒಬ್ಬರು ಹೆಚ್ಚು ಎಂದು ತೋರಿಸಿಕೊಳ್ಳಲು ಹೋಗುತ್ತಾರೆ. ಇದಕ್ಕೆ ನಮ್ಮ ಕಡೆ ಜಂಬ ಎನ್ನುತ್ತೇವೆ.

ಅಂಕಿಸಂಖ್ಯೆ

ಮೇಷ್ಟ್ರೇ, ಜಂಬ ಇಲ್ಲವೆಂದು ಯಾರೂ ಹೇಳುವುದಿಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುವ ಅಧ್ಯಯನ ಇಯಾನ್ ಮೆಕ್‌ಕ್ಯಾಮನ್ ಅವರದು. ಅಮೆರಿಕದಲ್ಲಿ 1972ರಿಂದ 2003ರವರೆಗೆ ನಡೆದ 715 ಅಪಘಾತಗಳ ದಾಖಲೆಗಳನ್ನು ಅವರು ಪರಿಶೀಲಿಸಿ, ಮನಸ್ಸು ಹಿಡಿಯುವ ಆರು ಅಡ್ಡದಾರಿಗಳನ್ನು ಗುರುತಿಸಿದರು: ಜಾಗದ ಪರಿಚಯ, ಇತರರ ಒಪ್ಪಿಗೆಯ ಆಸೆ, ಹಿಡಿದ ಗುರಿಯನ್ನು ಬಿಡದಿರುವ ಹಠ, ಪರಿಣತನೆನಿಸಿಕೊಂಡವನ ಮೇಲಿನ ಕುರುಡು ನಂಬಿಕೆ, ತುಳಿಯದ ಹಿಮದ ಮೇಲೆ ಮೊದಲ ಗೆರೆ ತಮ್ಮದಾಗಬೇಕೆಂಬ ಆತುರ, ಸುತ್ತ ಜನರಿರುವಾಗ ಹುಟ್ಟುವ ಧೈರ್ಯ. ಈ ಆರರಲ್ಲಿ ಕನಿಷ್ಠ ನಾಲ್ಕು ಸ್ಥಾನಮಾನಕ್ಕೆ ಸಂಬಂಧಿಸಿದವು ಎಂಬುದನ್ನು ಗಮನಿಸಿ. ತರಬೇತಿ ಪಡೆದವರೂ ಪರಿಚಿತ ಜಾಗಗಳಲ್ಲಿ ಹೆಚ್ಚಿನ ಅಪಾಯಕ್ಕೆ ತಮ್ಮನ್ನು ಒಡ್ಡಿಕೊಂಡಿದ್ದರು ಎಂಬುದು ಆ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಶ.

ಅದರ ಮಿತಿಯನ್ನೂ ಹೇಳಬೇಕು. ದಾಖಲೆಗಳಿರುವುದು ಅಪಘಾತಗಳದ್ದು ಮಾತ್ರ. ಪರಿಣತನ ಹಿಂದೆ ಹೋಗಿ ಸುರಕ್ಷಿತವಾಗಿ ಮರಳಿದ ಸಾವಿರಾರು ತಂಡಗಳ ಲೆಕ್ಕ ಅಲ್ಲಿಲ್ಲ. ಆದ್ದರಿಂದ ಪರಿಣತನನ್ನು ನಂಬುವುದು ಅಪಾಯವನ್ನು ಹೆಚ್ಚಿಸುತ್ತದೆಯೋ ಕಡಿಮೆ ಮಾಡುತ್ತದೆಯೋ ಎಂಬುದನ್ನು ಆ ದಾಖಲೆಗಳಿಂದ ತೀರ್ಮಾನಿಸಲಾಗದು. ಈ ಕೊರತೆಯನ್ನು ನೀಗಿಸಲು ಮೊಂಟಾನಾ ರಾಜ್ಯ ವಿಶ್ವವಿದ್ಯಾಲಯದವರೂ ನಾರ್ವೆಯ ಟ್ರೊಮ್ಸೊದವರೂ ಬೇರೆ ದಾರಿ ಹಿಡಿದಿದ್ದಾರೆ: ಮನೆಗೆ ಮರಳಿದವರ ಜಿಪಿಎಸ್ ಜಾಡುಗಳನ್ನು ಸಂಗ್ರಹಿಸುವುದು, ಯಾವ ಇಳಿಜಾರಿನಲ್ಲಿ ಇಳಿಯಲು ಸಿದ್ಧರಿದ್ದೀರಿ ಎಂದು ಪ್ರಶ್ನಾವಳಿಗಳ ಮೂಲಕ ಕೇಳುವುದು, ಸಹಚರರಿಗಿಂತ ತಾನು ಮೇಲಿರಬೇಕೆಂಬ ಆಸೆಯನ್ನು ಅಳೆಯುವುದು. ಕುರ್ಚಿಯಲ್ಲಿ ಕುಳಿತು ಟಿಕ್ ಹಾಕಿದ ಉತ್ತರ ಶಿಖರದ ಮೇಲಿನ ನಡವಳಿಕೆಗೆ ಸಮವಲ್ಲ. ಆದರೂ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಕೇಳುತ್ತಿದ್ದಾರೆ.

ಡೆನ್ವರ್ ನಿವಾಸಿ

ಮೇಷ್ಟ್ರಿಗೆ ಉತ್ತರವಾಗಿ ವಾಷಿಂಗ್ಟನ್ ರಾಜ್ಯದ ಟನಲ್ ಕ್ರೀಕ್ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 2012ರ ಫೆಬ್ರವರಿ 19ರಂದು ಸ್ಟೀವನ್ಸ್ ಪಾಸ್ ರೆಸಾರ್ಟಿನ ಬೆನ್ನಿನ ಕಡೆಯ ಆ ಇಳಿಜಾರಿನ ಮೇಲೆ ಹದಿನಾರು ಮಂದಿ ಕೂಡಿದ್ದರು. ತೋರಿಕೆಗೆ ಬಂದ ಹುಡುಗರು ಅಲ್ಲಿ ಯಾರೂ ಇರಲಿಲ್ಲ. ರೆಸಾರ್ಟಿನ ಪ್ರಚಾರ ವಿಭಾಗದ ಮುಖ್ಯಸ್ಥರು, ಫ್ರೀಸ್ಕೀಯಿಂಗ್ ಸ್ಪರ್ಧೆಗಳ ಪ್ರಧಾನ ತೀರ್ಪುಗಾರರು, ವೃತ್ತಿಪರ ಸ್ಕೀಯರುಗಳು, ಸ್ಕೀ ಪತ್ರಕರ್ತರು, ಆ ಕಣಿವೆಯನ್ನು ವರ್ಷಗಳಿಂದ ಬಲ್ಲ ಸ್ಥಳೀಯರು ಸೇರಿದ್ದರು. ಹೊಸ ಹಿಮ ಧಾರಾಳವಾಗಿ ಬಿದ್ದಿತ್ತು. ಅವರಲ್ಲಿ ಮೂವರು ಸತ್ತರು. ಕೊಚ್ಚಿಹೋದ ಇನ್ನೊಬ್ಬರು, ಒಬ್ಬ ವೃತ್ತಿಪರ ಸ್ಕೀಯರ್, ಹರಿಯುವ ಹಿಮದ ಮೇಲ್ಭಾಗದಲ್ಲಿ ಉಳಿಯಲು ನೆರವಾಗುವ, ಬೆನ್ನುಚೀಲದಲ್ಲಿನ ಏರ್‌ಬ್ಯಾಗನ್ನು ಉಬ್ಬಿಸಿಕೊಂಡು ಬದುಕುಳಿದರು.

ಮುಂದೆ ಪತ್ರಿಕೆಗಳು ವಿವರವಾಗಿ ವರದಿ ಮಾಡಿದಾಗ ಹೊರಬಂದ ಸಂಗತಿ ಇದು: ಕೆಲವರಿಗೆ ಅಳುಕಿತ್ತು. ಗುಂಪು ವಿಪರೀತ ದೊಡ್ಡದಾಯಿತು ಎಂದು ಅನಿಸಿದವರಿದ್ದರು. ಹಾಗಿದ್ದೂ ಯಾರೂ ಎಲ್ಲರಿಗೂ ಕೇಳುವಂತೆ ‘ಬೇಡ’ ಎನ್ನಲಿಲ್ಲ, ಏಕೆಂದರೆ ಸುತ್ತ ನಿಂತಿದ್ದವರ ಹೆಸರುಗಳೇ ಇಳಿಜಾರು ಸುರಕ್ಷಿತ ಎಂಬುದಕ್ಕೆ ಪುರಾವೆಯಂತೆ ಕಾಣಿಸಿದವು. ಇಷ್ಟು ತಿಳಿದವರು ಹೊರಟಿರುವಾಗ ನಾನ್ಯಾರು ತಡೆಯಲು ಎಂದು ಕಿರಿಯನು ಭಾವಿಸುತ್ತಾನೆ. ಯಾರೂ ಆಕ್ಷೇಪಿಸುತ್ತಿಲ್ಲವಲ್ಲ ಎಂದು ಹಿರಿಯನು ಭಾವಿಸುತ್ತಾನೆ. ಇಬ್ಬರೂ ಪರಸ್ಪರರ ಮೌನವನ್ನು ಸಮ್ಮತಿಯೆಂದು ಓದುತ್ತಾರೆ.

ಶಿಖರದ ಮೇಲೆ ಈ ನಿರ್ಧಾರ ನಡೆಯುವ ರೀತಿಯನ್ನೂ ನೋಡಿದವರಿಗೆ ಗೊತ್ತಿರುತ್ತದೆ. ಗಾಳಿ ಬೀಸುತ್ತಿರುತ್ತದೆ, ಬೆರಳುಗಳು ಸೆಟೆದಿರುತ್ತವೆ, ಎಲ್ಲರೂ ಬಗ್ಗಿ ಸ್ಕಿನ್ ಕಿತ್ತು ಮಡಿಸಿ ಚೀಲಕ್ಕೆ ತುರುಕುತ್ತಿರುತ್ತಾರೆ. ಒಬ್ಬನು ಅಂಚಿನಿಂದ ಕೆಳಗೆ ಇಣುಕಿ, ‘ಚೆನ್ನಾಗಿಯೇ ಇದೆ’ ಎಂದು ಹೆಲ್ಮೆಟ್‌ನ ಪಟ್ಟಿ ಬಿಗಿಯುತ್ತಾನೆ. ಅದು ಅಭಿಪ್ರಾಯವೋ, ಪ್ರಶ್ನೆಯೋ, ತೀರ್ಮಾನವೋ ಯಾರಿಗೂ ಸ್ಪಷ್ಟವಿಲ್ಲ. ಹೇಳಿದವನು ತಂಡದಲ್ಲಿ ಮೇಲಿನ ಸ್ಥಾನದವನಾಗಿದ್ದರೆ ಅದು ತೀರ್ಮಾನವಾಗಿಬಿಡುತ್ತದೆ. ಈ ಹೊತ್ತಿಗೆ ಬಾಯಿ ತೆರೆಯುವವನು ಎಲ್ಲರನ್ನೂ ಮತ್ತೆ ಸ್ಕಿನ್ ಅಂಟಿಸಿಕೊಳ್ಳುವಂತೆ, ಕೊರೆಯುವ ಗಾಳಿಯಲ್ಲಿ ಇನ್ನೂ ಹತ್ತು ನಿಮಿಷ ನಿಲ್ಲುವಂತೆ ಮಾಡಬೇಕಾಗುತ್ತದೆ.

ತೀರ್ಥಹಳ್ಳಿ ಮೇಷ್ಟ್ರು

ಒಪ್ಪಿದೆ. ನಾನು ಅಂದುಕೊಂಡದ್ದಕ್ಕಿಂತ ಇದು ಬೇರೆಯಾಗಿದೆ. ಮಾತಾಡದೆ ಉಳಿಯುವುದನ್ನು ನಾನು ಜಂಬದ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಬಸವನಗುಡಿ ಚಾರಣಿಗ

ಚರ್ಚೆ ಅಮೆರಿಕ, ಯುರೋಪುಗಳಲ್ಲೇ ಸುತ್ತುತ್ತಿದೆ. ನಮ್ಮ ದೇಶದ ಗುಲ್ಮಾರ್ಗ್ ಬಗ್ಗೆಯೂ ಒಂದೆರಡು ಮಾತು ಸೇರಿಸುತ್ತೇನೆ. ಬೆಂಗಳೂರಿನಿಂದ ಅಲ್ಲಿಗೆ ಸ್ಕೀ ಕೋರ್ಸಿಗೆ ಹೋಗುವವರಿದ್ದಾರೆ, ಆದರೆ ಅವರು ಸಾಮಾನ್ಯವಾಗಿ ಕೆಳಗಿನ ಸಪಾಟು ಇಳಿಜಾರುಗಳಲ್ಲೇ ಇರುತ್ತಾರೆ. ಗೊಂಡೊಲಾದ (ಕೇಬಲ್ ಕಾರಿನ) ಎರಡನೆಯ ಹಂತ ಮಾತ್ರ ಅಫರ್ವಟ್ ಪರ್ವತದ ಮೇಲೆ 3,900 ಮೀಟರ್‌ಗೂ ಎತ್ತರಕ್ಕೆ ತಲುಪಿಸಿಬಿಡುತ್ತದೆ. ಹತ್ತಿ ಬೆವರಿಳಿಸುವ ಕಷ್ಟವೇ ಇಲ್ಲದೆ ನೇರವಾಗಿ ಹಿಮಕುಸಿತದ ಪ್ರದೇಶದ ನೆತ್ತಿಯ ಮೇಲೆ ನಿಲ್ಲಬಹುದು. 2023ರ ಫೆಬ್ರವರಿ 1ರಂದು ಅಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರುಗಳು ಹಿಮಕುಸಿತದಲ್ಲಿ ಸತ್ತರು. 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು. ಈ ಎರಡು ಘಟನೆಗಳ ಒಳ ವಿವರಗಳಿಗೆ ನಾನು ಹೋಗುವುದಿಲ್ಲ. ಹೇಳಬೇಕಾದದ್ದು ಒಟ್ಟಾರೆ ಸ್ಥಿತಿಯ ಬಗ್ಗೆ.

ಸ್ಥಾನಮಾನವೆಂದರೆ ಸ್ಕೀ ಕೌಶಲ ಮಾತ್ರ ಎಂಬಂತೆ ಮೇಲಿನವರು ಬರೆದಿದ್ದಾರೆ. ಅಲ್ಲಿ ಹಣದ ಸ್ಥಾನಮಾನವೂ ಇದೆ. ಸ್ಥಳೀಯ ಗೈಡ್ ಆ ಪರ್ವತವನ್ನು ಬಾಲ್ಯದಿಂದ ಬಲ್ಲವನಾಗಿರುತ್ತಾನೆ, ಅವನ ಗ್ರಾಹಕನು ಅಲ್ಲಿಗೆ ಮೊದಲ ಬಾರಿ ಬಂದವನು. ಜ್ಞಾನದ ಲೆಕ್ಕದಲ್ಲಿ ಗೈಡ್ ಮೇಲು. ಆದರೆ ದಿನದ ಕೂಲಿ, ಕೊನೆಯಲ್ಲಿ ಸಿಗುವ ಬಕ್ಷೀಸು, ಮುಂದಿನ ವರ್ಷಕ್ಕೆ ಬಾಯಿಮಾತಿನ ಶಿಫಾರಸು ಎಲ್ಲವೂ ಗ್ರಾಹಕನ ಕೈಯಲ್ಲಿ. ದೂರದ ದೇಶದಿಂದ ಬಂದು, ಎರಡು ದಿನ ಮೋಡ ಕವಿದು ಗೊಂಡೊಲಾ ನಿಂತು, ಮೂರನೆಯ ದಿನ ಬಿಸಿಲು ಕಂಡ ಗ್ರಾಹಕನಿಗೆ ‘ಇವತ್ತು ಆ ಕಡೆ ಬೇಡ ಸಾಬ್’ ಎನ್ನಲು ಎಷ್ಟು ಗಟ್ಟಿ ಗುಂಡಿಗೆ ಬೇಕು ಎಂದು ಯೋಚಿಸಿ. ಗೈಡ್ ಇದ್ದಾನೆ ಎಂಬ ನೆಮ್ಮದಿಯಲ್ಲಿ ಗ್ರಾಹಕ, ಗ್ರಾಹಕನೇ ಕೇಳುತ್ತಿದ್ದಾನೆ ಎಂಬ ಒತ್ತಡದಲ್ಲಿ ಗೈಡ್. ಇದನ್ನು ಗೈಡ್‌ಗಳ ತಪ್ಪೆಂದು ಹೇಳುವವರ ಬಗ್ಗೆ ನನಗೆ ಸಿಟ್ಟು ಬರುತ್ತದೆ.

ವ್ಯಾಂಕೂವರ್‌ನವಳು

ಚಾರಣಿಗರ ಮಾತು ಬಹಳ ಹಿಡಿಸಿತು. ಗೈಡ್‌ಗಿರುವ ಪ್ರಭಾವ ಇನ್ನೊಂದು ದಿಕ್ಕಿನಲ್ಲಿಯೂ ಕೆಲಸ ಮಾಡುತ್ತದೆ. 2003ರ ಜನವರಿ 20ರಂದು ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಬಳಿ, ಹೆಸರಾಂತ ಗೈಡ್‌ನ ನೇತೃತ್ವದಲ್ಲಿ ಹೋಗಿದ್ದ ಏಳು ಮಂದಿ ಹಿಮಕುಸಿತಕ್ಕೆ ಬಲಿಯಾದರು. ಸತ್ತವರಲ್ಲಿ ಸ್ನೋಬೋರ್ಡ್ ಜಗತ್ತಿನ ದಂತಕಥೆಯಾಗಿದ್ದ ಕ್ರೇಗ್ ಕೆಲ್ಲಿ ಇದ್ದರು; ಅವರು ಸ್ವತಃ ಗೈಡ್ ಆಗಲು ತರಬೇತಿ ಪಡೆಯುತ್ತಿದ್ದರು. ಎರಡು ವಾರಗಳಾಗುವ ಮೊದಲೇ, ಫೆಬ್ರವರಿ 1ರಂದು, ರೋಜರ್ಸ್ ಪಾಸ್ ಹತ್ತಿರ ಕನಾಟ್ ಕ್ರೀಕ್‌ನಲ್ಲಿ ಶಾಲಾ ಪ್ರವಾಸದಲ್ಲಿದ್ದ ಏಳು ವಿದ್ಯಾರ್ಥಿಗಳು ಸತ್ತರು. ಈ ಎರಡು ದುರಂತಗಳ ನಂತರ ಕೆನಡಾದಲ್ಲಿ ವ್ಯವಸ್ಥೆಯೇ ಬದಲಾಯಿತು: ರಾಷ್ಟ್ರಮಟ್ಟದ ಹಿಮಕುಸಿತ ಕೇಂದ್ರ ಸ್ಥಾಪನೆಯಾಯಿತು, ಭೂಪ್ರದೇಶಗಳನ್ನು ಸರಳ, ಸವಾಲಿನ, ಸಂಕೀರ್ಣ ಎಂದು ವರ್ಗೀಕರಿಸಿ ಪ್ರಕಟಿಸಲು ತೊಡಗಿದರು.

ಆದರೆ ನಾನು ಹೇಳಬಯಸುವುದು ಮೆಚ್ಚುಗೆ ಹುಟ್ಟುವ ಬಗೆಯ ಕುರಿತು. ದುರ್ಬಲ ಪದರವಿರುವ ಇಳಿಜಾರು ಪ್ರತಿ ಬಾರಿಯೂ ಕುಸಿಯುವುದಿಲ್ಲ. ಸ್ಕೀಯರ್ ಹಿಮ ತೆಳುವಾಗಿರುವ ಜಾಗವನ್ನು ತುಳಿದರೆ ಮಾತ್ರ ಒಡೆಯಬಹುದು, ಎರಡು ಮೀಟರ್ ಆಚೆ ಇಳಿದರೆ ಏನೂ ಆಗದಿರಬಹುದು. ಆದ್ದರಿಂದ ತಪ್ಪು ನಿರ್ಧಾರ ಮಾಡಿದ ಹತ್ತು ಮಂದಿಯಲ್ಲಿ ಹೆಚ್ಚಿನವರು ನಗುತ್ತಲೇ ಕೆಳಗಿಳಿಯುತ್ತಾರೆ. ಸಂಜೆ ಅವರ ಚಿತ್ರಗಳಿಗೆ ಮೆಚ್ಚುಗೆ ಬೀಳುತ್ತದೆ, ಮುಂದಿನ ವಾರ ಅವರ ಮಾತಿಗೆ ತೂಕ ಬರುತ್ತದೆ. ಅದೇ ದಿನ ಅದೇ ಇಳಿಜಾರಿನ ತಲೆಯಿಂದ ಹಿಂತಿರುಗಿದವಳ ನಿರ್ಧಾರ ಸರಿಯಾಗಿತ್ತು ಎಂಬುದಕ್ಕೆ ಯಾವ ಸಾಕ್ಷಿಯೂ ಉಳಿಯುವುದಿಲ್ಲ; ಇಳಿಜಾರು ನಿಂತೇ ಇದೆ, ಅದರ ಮೇಲೆ ಇತರರ ಗೆರೆಗಳೂ ಇವೆ. ಹೀಗೆ ಅನೇಕ ಚಳಿಗಾಲಗಳು ಕಳೆದಾಗ ಯಾರು ‘ಅನುಭವಿ’ ಎನಿಸಿಕೊಂಡು ತಂಡದ ಮುಂದೆ ಬಂದು ನಿಲ್ಲುತ್ತಾರೆ? ಅವರಲ್ಲಿ ಜ್ಞಾನಿಗಳೂ ಇದ್ದಾರೆ, ಅದೃಷ್ಟವಂತರೂ ಇದ್ದಾರೆ, ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಮಗೇ ತಿಳಿದಿರುವುದಿಲ್ಲ ಎಂಬುದು ಇನ್ನೂ ಕಷ್ಟದ ಸಂಗತಿ.

ದಾವೋಸ್ ವಾಸಿ

ಇದಕ್ಕೆ ಸ್ವಿಸ್ ಪರ್ವತಾರೋಹಿ ಗೈಡ್ ವೆರ್ನರ್ ಮುಂಟರ್ ಕಂಡುಕೊಂಡ ಉಪಾಯ ಸಂಖ್ಯೆ. ಅವರ ಸರಳ ಸೂತ್ರದ ಪ್ರಕಾರ ಅಪಾಯದ ಹಂತ ಎರಡಾಗಿದ್ದರೆ 40 ಡಿಗ್ರಿಗಿಂತ ಕಡಿಮೆ, ಮೂರಾಗಿದ್ದರೆ 35ಕ್ಕಿಂತ ಕಡಿಮೆ, ನಾಲ್ಕಾಗಿದ್ದರೆ 30ಕ್ಕಿಂತ ಕಡಿಮೆ ಇಳಿಜಾರಿನಲ್ಲಿ ಇರಬೇಕು. ಹಿಮದ ಹರಳುಗಳ ವಿಜ್ಞಾನ ಗೊತ್ತಿಲ್ಲದ ಕಿರಿಯನೂ ನಕ್ಷೆ ಮತ್ತು ಅಂದಿನ ಅಪಾಯದ ಹಂತ ತಿಳಿಸುವ ಪ್ರಕಟಣೆ ಹಿಡಿದು, ‘ಇವತ್ತು ಮೂರು, ಇದು 37 ಡಿಗ್ರಿ’ ಎನ್ನಬಹುದು. ಅವನು ಹಿರಿಯನ ಜಾಣ್ಮೆಯನ್ನು ಪ್ರಶ್ನಿಸಿದಂತಾಗುವುದಿಲ್ಲ, ಎರಡು ಅಂಕಿಗಳನ್ನು ಓದಿದಂತಾಗುತ್ತದೆ. ವೈಜ್ಞಾನಿಕವಾಗಿ ಈ ಸೂತ್ರದ ಮೇಲೆ ಎಷ್ಟೇ ತಕರಾರುಗಳಿದ್ದರೂ ಅದರ ಸಾಮಾಜಿಕ ಉಪಯೋಗವನ್ನು ಯಾರೂ ಸಾಕಷ್ಟು ಗುರುತಿಸಿಲ್ಲ ಎಂಬುದು ನನ್ನ ದೂರು.

ದುರದೃಷ್ಟವೆಂದರೆ ಸೂತ್ರ ಬಂದ ಮೇಲೆ ಅದನ್ನು ಮೀರುವುದೇ ಪರಿಣತಿಯ ಗುರುತಾಯಿತು. ‘ಸೂತ್ರ ಹೊಸಬರಿಗೆ, ನಾವು ಹಿಮವನ್ನು ಓದುತ್ತೇವೆ’ ಎಂಬ ಮಾತನ್ನು ಆಲ್ಪ್ಸ್‌ನ ಯಾವುದೇ ಪರ್ವತ ವಸತಿಯ ಊಟದ ಮೇಜಿನಲ್ಲಿ ಕೇಳಬಹುದು. ಉಪಕರಣಗಳದ್ದೂ ಅದೇ ಕಥೆ. ಉಬ್ಬಿದ ಏರ್‌ಬ್ಯಾಗ್ ಗಂಭೀರ ಕುಸಿತಕ್ಕೆ ಸಿಲುಕಿದವರ ಸಾವಿನ ಪ್ರಮಾಣವನ್ನು ಶೇ. 22ರಿಂದ ಶೇ. 11ಕ್ಕೆ ಇಳಿಸುತ್ತದೆ ಎಂದು 2014ರ ಅಧ್ಯಯನವೊಂದು ತೋರಿಸಿತು. ಇದು ದೊಡ್ಡ ಲಾಭವೇ. ಆದರೆ ದುಬಾರಿ ಚೀಲ ಬೆನ್ನ ಮೇಲಿರುವವನು ತಂಡದಲ್ಲಿ ಹೆಚ್ಚು ಗಂಭೀರನೆನಿಸಿಕೊಳ್ಳುತ್ತಾನೆ, ಆ ಕಾರಣಕ್ಕೇ ಮೊದಲು ಇಳಿಯುವ ಅವಕಾಶ ಅವನಿಗೆ ಸಿಗುತ್ತದೆ. ಉಳಿಯುವ ಶೇ. 11ರ ಬಗ್ಗೆ ಮೇಲೆ ನಿಂತಾಗ ಯಾರೂ ಮಾತಾಡುವುದಿಲ್ಲ.

ಅಂಕಿಸಂಖ್ಯೆ

ಎಲ್ಲವನ್ನೂ ಸ್ಥಾನಮಾನದ ಖಾತೆಗೆ ಬರೆಯುವ ಮುನ್ನ ಒಂದು ಎಚ್ಚರಿಕೆ. ಮೇಷ್ಟ್ರ ಮಗನ ಊರಿಗೆ ಸಮೀಪದ ಮಿಲ್‌ಕ್ರೀಕ್ ಕಣಿವೆಯಲ್ಲಿ, ವಿಲ್ಸನ್ ಗ್ಲೇಡ್ ಎಂಬಲ್ಲಿ, 2021ರ ಫೆಬ್ರವರಿ 6ರಂದು ನಾಲ್ವರು ಸತ್ತರು. ಅವರು ಒಂದೇ ತಂಡದವರಲ್ಲ. ಒಬ್ಬರ ಇರವು ಇನ್ನೊಬ್ಬರಿಗೆ ತಿಳಿಯದೆ ಬಂದಿದ್ದ ಎರಡು ಬೇರೆ ಬೇರೆ ತಂಡಗಳು. ಅನುಭವಿಗಳು, ಉಪಕರಣಗಳಿದ್ದವರು. ಅಲ್ಲಿ ಮೆರೆಯುವ ಹಂಬಲ ಹುಡುಕುವುದು ಸತ್ತವರಿಗೆ ಮಾಡುವ ಅನ್ಯಾಯವಾದೀತು. ಅಪಘಾತದ ನಂತರ ಪ್ರತಿ ಮೌನಕ್ಕೂ ಒಂದು ಮನಶ್ಶಾಸ್ತ್ರೀಯ ಕಾರಣ ಹಚ್ಚುವುದು ಸುಲಭ, ಪರೀಕ್ಷಿಸುವುದು ಕಷ್ಟ.

ತೀರ್ಥಹಳ್ಳಿ ಮೇಷ್ಟ್ರು

ಆ ಜಾಗದ ಹೆಸರನ್ನು ಮಗನ ಬಾಯಲ್ಲಿ ಕೇಳಿದ್ದೇನೆ. ಇಷ್ಟೆಲ್ಲ ಓದಿದ ಮೇಲೆ ತಂದೆಯಾಗಿ ಒಂದು ಪ್ರಶ್ನೆ. ‘ಹುಷಾರಾಗಿರು’ ಎಂದು ಪ್ರತಿ ವಾರ ಹೇಳುತ್ತೇನೆ, ‘ಹೂಂ’ ಎನ್ನುತ್ತಾನೆ. ಇದಕ್ಕಿಂತ ಉಪಯೋಗವಾಗುವಂಥ ಮಾತು ಏನಾದರೂ ಇದೆಯೇ?

ವ್ಯಾಂಕೂವರ್‌ನವಳು

ಇದೆ ಮೇಷ್ಟ್ರೇ. ಬೀಕನ್ (ಹಿಮದಡಿ ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಇದೆಯೇ ಎಂದು ಕೇಳಬೇಡಿ, ಅವು ಇದ್ದೇ ಇರುತ್ತವೆ. ಯಾರ ಜೊತೆ ಹೋಗುತ್ತೀಯ ಎಂದು ಕೇಳಿ. ಆ ತಂಡದಲ್ಲಿ ಕೊನೆಯ ಬಾರಿ ಅರ್ಧದಿಂದ ಹಿಂತಿರುಗಿದ್ದು ಯಾವಾಗ, ಹಿಂತಿರುಗೋಣ ಎಂದು ಹೇಳಿದ್ದು ಯಾರು ಎಂದು ಕೇಳಿ. ಎಲ್ಲರಿಗಿಂತ ಕಿರಿಯನು ಹೇಳಿದ್ದನ್ನು ಉಳಿದವರು ವಾದವಿಲ್ಲದೆ ಒಪ್ಪಿದ್ದರೆ ನೀವು ಸ್ವಲ್ಪ ನೆಮ್ಮದಿಯಾಗಿರಬಹುದು. ಪ್ರತಿ ಬಾರಿಯೂ ಒಬ್ಬನೇ ಹೇಳುತ್ತಿದ್ದಾನೆ ಎಂದಾದರೆ, ಅವನು ಬರದ ದಿನ ಏನಾಗುತ್ತದೆ ಎಂದೂ ಕೇಳಿ.

ಬಸವನಗುಡಿ ಚಾರಣಿಗ

ಯಾರು ‘ಬೇಡ’ ಎಂದರೂ ಕಾರಣ ಕೇಳದೆ ಎಲ್ಲರೂ ಹಿಂತಿರುಗಬೇಕು ಎಂಬ ನಿಯಮ ಹಲವು ತಂಡಗಳಲ್ಲಿ ಇದೆಯಲ್ಲವೇ? ಅದು ಸಾಲದೇ?

ಡೆನ್ವರ್ ನಿವಾಸಿ

ನಿಯಮವಿದೆ, ಕೋರ್ಸುಗಳಲ್ಲಿ ಹೇಳಿಯೂ ಕೊಡುತ್ತಾರೆ. ಬಳಸುವವರು ಕಡಿಮೆ. ಹಕ್ಕು ಎಲ್ಲರಿಗೂ ಸಮನಾಗಿ ಹಂಚಿದ್ದರೂ ಅದನ್ನು ಚಲಾಯಿಸಲು ತೆರಬೇಕಾದ ಬೆಲೆ ಸಮನಾಗಿಲ್ಲ. ಹಿರಿಯನು ‘ಬೇಡ’ ಎಂದರೆ ವಿವೇಕ, ಹೊಸಬನು ಎಂದರೆ ಅಂಜುಬುರುಕತನ. ಮುಂದಿನ ವಾರ ಅವನಿಗೆ ಕರೆ ಬರದಿದ್ದರೂ ಆಶ್ಚರ್ಯವಿಲ್ಲ. ಹಾಗಾಗಿ ಸ್ಥಾನ ಉಳ್ಳವರೇ ಆ ಬೆಲೆಯನ್ನು ಮೊದಲು ತೆರಬೇಕೆಂದು ನಾನು ವಾದಿಸುತ್ತೇನೆ. ನಮ್ಮ ತಂಡದಲ್ಲಿ ಈ ಋತುವಿನಿಂದ ಎರಡು ಪದ್ಧತಿಗಳನ್ನು ಇಟ್ಟುಕೊಂಡಿದ್ದೇವೆ. ಹಿಂದಿನ ಸಂಜೆ, ಕೊಲೊರಾಡೊ ಹಿಮಕುಸಿತ ಮಾಹಿತಿ ಕೇಂದ್ರದ ಪ್ರಕಟಣೆ ಬಂದ ಮೇಲೆ, ಮಾರನೆಯ ದಿನಕ್ಕೆ ಗರಿಷ್ಠ ಎಷ್ಟು ಡಿಗ್ರಿ ಇಳಿಜಾರು, ಯಾವ ದಿಕ್ಕಿನದು ಬೇಡ ಎಂಬುದನ್ನು ಎಲ್ಲರೂ ಸೇರಿ ಬರೆದಿಡುತ್ತೇವೆ. ಬೆಟ್ಟದ ಮೇಲೆ ಆ ಮಿತಿಯನ್ನು ಇಳಿಸಬಹುದು, ಏರಿಸುವಂತಿಲ್ಲ. ಇಳಿಯುವ ಮುನ್ನ ಅಭಿಪ್ರಾಯ ಹೇಳುವಾಗ ಅತಿ ಕಡಿಮೆ ಅನುಭವವಿರುವವರು ಮೊದಲು, ಅತಿ ಹೆಚ್ಚು ಇರುವವರು ಕೊನೆಗೆ. ಸ್ಕಿನ್ ಕೀಳುವ ಮೊದಲೇ ಈ ಮಾತು ಮುಗಿಯಬೇಕು.

ದಾವೋಸ್ ವಾಸಿ

ಎರಡನೆಯದರಲ್ಲಿ ಒಂದು ತೊಡಕಿದೆ. ಯಾರಿಗೆ ಅನುಭವ ಕಡಿಮೆ ಎಂದು ಪ್ರತಿ ಬಾರಿಯೂ ಬಹಿರಂಗವಾಗಿ ತೀರ್ಮಾನಿಸಬೇಕಾಗುತ್ತದೆ, ಅದು ಮತ್ತೆ ಶ್ರೇಣಿಯನ್ನೇ ಗಟ್ಟಿ ಮಾಡುತ್ತದೆ. ಕೊನೆಯಲ್ಲಿ ಮಾತಾಡುವವನ ಮುಖವನ್ನು ಉಳಿದವರು ಮೊದಲೇ ನೋಡಿಕೊಂಡು ಮಾತಾಡುವುದನ್ನೂ ಕಂಡಿದ್ದೇನೆ. ಮೊದಲನೆಯ ಪದ್ಧತಿ ಮಾತ್ರ ಯಾವ ತಕರಾರೂ ಇಲ್ಲದೆ ಒಪ್ಪಿಗೆ. ಇಲ್ಲಿಯೂ ಮುಖ್ಯ ಪ್ರಕಟಣೆ ಹಿಂದಿನ ಸಂಜೆ ಐದಕ್ಕೇ ಬರುತ್ತದೆ, ಆದ್ದರಿಂದ ಮನೆಯಲ್ಲಿ ಬೆಚ್ಚಗೆ ಕುಳಿತು ಮಿತಿಯನ್ನು ಬರೆದಿಡಲು ಯಾವ ಅಡ್ಡಿಯೂ ಇಲ್ಲ.